ಗಡಿಬಿಡಿ ಚಿಕ್ಕಮ್ಮನ ಬೆನ್ನು

ಚಿಕ್ಕಮ್ಮ ಅನ್ನಿಸಿಕೊಳ್ಳಬೇಕಾದರೆ ಹೆಂಗಸಿಗೆ ಒಬ್ಬಳು ಅಕ್ಕನೋ, ಅವಳ ಗಂಡನಿಗೆ ಒಬ್ಬ ಅಣ್ಣನೋ ಇರಬೇಕು. ಇವಳಿಗೆ ಎರಡೂ ಇಲ್ಲ. ಆದರೂ ಇವಳು ಕೆಲಸ ಮಾಡುವ ಲಾಂಡ್ರಿ ಇರುವ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಇವಳು ಎಲ್ಲರಿಗೂ ಚಿಕ್ಕಮ್ಮನೇ. ಎಪ್ಪತ್ತು ದಾಟಿ, ಹಲ್ಲು ಸೆಟ್ಟು ಕಟ್ಟಿಸಿಕೊಂಡಿರುವ ಔಷಧಿ ಅಂಗಡಿಯ ಮುದುಕ ಕೂಡ "ಏನ್ ಚಿಕ್ಕಮ್ಮ, ತಲೆನೋವಾ?" ಎಂದು ಹಲ್ಲು ಕಿರಿಯುತ್ತಾನೆ. ಲಾಂಡ್ರಿಯ ಯಜಮಾನ ಬಹಳ ಕಾಲ ಮರ್ಯಾದೆಯಿಂದ "ಅಕ್ಕಾ" ಎನ್ನುತ್ತಿದ್ದ. ಕೊನೆಗೆ ಅವನೂ ಕೈಬಿಟ್ಟ. ಈ ಬರಹದಲ್ಲಾದರೂ ಅವಳನ್ನು ಅಕ್ಕ ಎಂದೇ ಕರೆಯೋಣ. ಅವಳ ಕಡೆ ನಿಂತು ಮಾತಾಡುವವರು ಒಬ್ಬರಾದರೂ ಬೇಕಲ್ಲ.

ಇದಕ್ಕೆಲ್ಲ ಕಾರಣ ಅವಳ ಗಂಡ. ಅವನು ಕಾಮಿಕ್ಸ್ ಬಿಡಿಸುವವನು. ಮದುವೆಯಾದ ಹೊಸತರಲ್ಲಿ ಒಂದು ಬೆಳಿಗ್ಗೆ ಇಬ್ಬರೂ ಎಲ್ಲಿಗೋ ಹೊರಟಿದ್ದರು. ಅವನು ಬಸ್ಸು ಹತ್ತಿಯಾಗಿತ್ತು, ಹಿಂದಿನ ಸೀಟಿನಲ್ಲಿ ಕೂತೂ ಆಗಿತ್ತು. ಅಕ್ಕ ಹೆಗಲಿಗೊಂದು ದೊಡ್ಡ ಚೀಲ ಹಾಕಿಕೊಂಡು, ಕಿತ್ತುಹೋದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಸ್ಸಿನ ಹಿಂದೆ ಓಡಿ ಬರುತ್ತಿದ್ದಳು. ಗಂಡನಾದವನು ಆಗ ಏನು ಮಾಡಬೇಕು? "ಬಸ್ಸು ನಿಲ್ಸಿ" ಎಂದು ಕೂಗಬೇಕು. ಇವನು ಜೇಬಿನಿಂದ ಪೆನ್ಸಿಲ್ ತೆಗೆದ. ಹಿಂದಿನ ಗಾಜಿನಲ್ಲಿ ಕಂಡ ಆ ಮುಖವನ್ನು, ಅಗಲವಾದ ಮೂಗು, ಗಲ್ಲದ ಮೇಲಿನ ನರೂಲಿ, ಹಣೆಯ ಮೇಲೆ ಚದುರಿದ ಕೂದಲು, ಎಲ್ಲ ಸಮೇತ ಟಿಕೆಟ್ಟಿನ ಹಿಂಬದಿಯಲ್ಲಿ ಬಿಡಿಸಿಬಿಟ್ಟ. ಹಾಗೆ ಹುಟ್ಟಿದವಳು ಗಡಿಬಿಡಿ ಚಿಕ್ಕಮ್ಮ.

ಅಂದಿನಿಂದ ವಾರವಾರವೂ ಗಡಿಬಿಡಿ ಚಿಕ್ಕಮ್ಮ ಊರು ಉಳಿಸುತ್ತಾ ಬಂದಿದ್ದಾಳೆ. ಗುಹೆಗೆ ನುಗ್ಗುತ್ತಾಳೆ, ಮುಳುಗುವ ಹಡಗು ಹತ್ತುತ್ತಾಳೆ, ಕಳ್ಳರ ಕೋಟೆಗೆ ಬಾಗಿಲು ತಪ್ಪಿ ಹೋಗಿ ಕಳ್ಳರನ್ನೇ ಬೈದು ಹೊರಗೆ ಹಾಕುತ್ತಾಳೆ. ಎಲ್ಲ ಕಡೆಗೂ ಅವಳು ತಡವಾಗಿಯೇ ತಲುಪುವುದು. ಅವಳ ಚೀಲದೊಳಗೆ ಹಗ್ಗ, ಏಣಿ, ಲಾಂದ್ರ, ಒಂದು ಸಲ ದೋಣಿ ಕೂಡ ಸಿಕ್ಕಿತ್ತು. ಮಕ್ಕಳಿಗೆ ಇವಳೆಂದರೆ ಪ್ರಾಣ. ಲಾಂಡ್ರಿಗೆ ಅಮ್ಮಂದಿರ ಜೊತೆ ಬರುವ ಮಕ್ಕಳು ಕೌಂಟರಿನ ಮೇಲೆ ಗಲ್ಲ ಊರಿ ಅಕ್ಕನನ್ನು ಎವೆಯಿಕ್ಕದೆ ನೋಡುತ್ತಿದ್ದವು. ಅಕ್ಕ ಪ್ಯಾಂಟಿನ ಜೇಬು ತಡಕುತ್ತ, ಕಲೆಗಳಿಗೆ ಚೀಟಿ ಚುಚ್ಚುತ್ತ ಕಂಡೂ ಕಾಣದಂತೆ ಇರುತ್ತಿದ್ದಳು. ಆದರೂ ಯಾವುದಾದರೂ ಒಂದು ಮಗು ಕೇಳಿಯೇ ಕೇಳುತ್ತಿತ್ತು.

"ಚಿಕ್ಕಮ್ಮಾ, ಚೀಲದಿಂದ ಏಣಿ ತೆಗೀರಿ."

"ಬೈಗುಳ ಇದೆ, ತೆಗೀಲಾ?"

ಮಗು ಕುಣಿದಾಡುತ್ತಿತ್ತು. ಕಾಮಿಕ್ಸಿನಲ್ಲೂ ಚಿಕ್ಕಮ್ಮ ಹೀಗೇ ಮಾತಾಡುವುದು. ಬೈದರೂ ಕಷ್ಟ, ಬೈಯದಿದ್ದರೂ ಕಷ್ಟ ಎಂಬಂತಾಗಿತ್ತು ಅವಳ ಪಾಡು.

ಮನೆಯಲ್ಲಿ ಇದಕ್ಕಿಂತ ಕಡೆ. ಗಂಡನ ಮೇಜು ಅಡುಗೆಮನೆಯ ಬಾಗಿಲಿಗೆ ಎದುರಾಗಿತ್ತು. ನಲ್ಲಿ ತೊಟ್ಟಿಕ್ಕುತ್ತಿದೆ, ರಿಪೇರಿಯವನಿಗೆ ಹೇಳಿದ್ದೀರಾ ಎಂದು ಅಕ್ಕ ಸೊಂಟದ ಮೇಲೆ ಕೈಯಿಟ್ಟು ಅವನ ಜನ್ಮ ಜಾಲಾಡುತ್ತಿದ್ದರೆ, ಅವನು ಕಣ್ಣರಳಿಸಿ "ಹಾಗೇ ಇರು! ಹುಬ್ಬು ಇಳಿಸ್ಬೇಡ!" ಎನ್ನುತ್ತಿದ್ದ. ಆ ಬೈಗುಳ ಮುಂದಿನ ವಾರ ಕಳ್ಳರ ನಾಯಕನ ಪಾಲಾಗುತ್ತಿತ್ತು. ನಲ್ಲಿ ಮಾತ್ರ ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಸಿಟ್ಟನ್ನೂ ತನಗಾಗಿ ಇಟ್ಟುಕೊಳ್ಳಲು ಬಿಡದ ಗಂಡನ ಜೊತೆ ಹೇಗೆ ಬಾಳುವುದು, ನೀವೇ ಹೇಳಿ.

"ನನ್ನ ಮುಖ ತೆಗೀರಿ ಅಂತ ಎಷ್ಟು ಸಲ ಹೇಳೋದು ನಿಮಗೆ?" ಎಂದು ಅಕ್ಕ ಕೇಳದ ವರ್ಷವಿಲ್ಲ.

"ಅದು ನೀನಲ್ಲ ಕಣೇ. ಕಲ್ಪನೆ."

"ನರೂಲಿನೂ ಕಲ್ಪನೆನಾ?"

ಆಗ ಅವನು ಪೆನ್ಸಿಲ್ಲಿಗೆ ಮೊನೆ ಮಾಡಲು ಕೂರುತ್ತಿದ್ದ.

ಹೀಗಿರುವಾಗ ಒಂದು ಗೇಮ್ ಕಂಪನಿಯವರ ಕಣ್ಣು ಗಡಿಬಿಡಿ ಚಿಕ್ಕಮ್ಮನ ಮೇಲೆ ಬಿತ್ತು. ಅವಳ ಸಾಹಸಗಳನ್ನು ವಿಡಿಯೋ ಗೇಮ್ ಮಾಡುತ್ತೇವೆ, ಆಟ ಆಡುವವರು ಚಿಕ್ಕಮ್ಮನನ್ನು ಗುಹೆಯೊಳಗೆ ಓಡಿಸಬಹುದು, ಗೋಡೆ ಹತ್ತಿಸಬಹುದು, ಚೀಲದಿಂದ ಬೇಕಾದ್ದು ತೆಗೆಸಬಹುದು ಎಂದರು. ಗಂಡ ನೆಲದ ಮೇಲೆ ನಿಲ್ಲಲಿಲ್ಲ. ಅಕ್ಕ ತಲೆಯ ಮೇಲೆ ಕೈಹೊತ್ತು ಕೂತಳು. ಇಷ್ಟು ದಿನ ಕಾಗದದ ಮೇಲೆ ಸುಮ್ಮನೆ ನಿಂತಿದ್ದ ಮೂಗು ಇನ್ನು ಓಡಾಡಲು ಬೇರೆ ಶುರುಮಾಡುತ್ತದಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಕಂಪನಿಯಿಂದ ಒಬ್ಬಾಕೆ ಮನೆಗೇ ಬಂದಳು. ಕಂಪ್ಯೂಟರಿನೊಳಗೆ ಗೊಂಬೆ ಕಟ್ಟುವುದು ಅವಳ ಕೆಲಸ. ಸುತ್ತ ತಿರುಗಿಸಿ ನೋಡಬಹುದಾದ ಗೊಂಬೆ. ವಯಸ್ಸು ಮೂವತ್ತರ ಮೇಲೆ, ಮಾತು ಕಡಿಮೆ, ಸಂಕೋಚ ಹೆಚ್ಚು. ಲ್ಯಾಪ್‌ಟಾಪ್ ತೆರೆದು, ಹಳೆಯ ಕಾಮಿಕ್ಸುಗಳ ರಾಶಿಯನ್ನು ಪಕ್ಕದಲ್ಲಿ ಇಟ್ಟುಕೊಂಡು, ಗಂಟಲು ಸರಿಪಡಿಸಿಕೊಂಡು ಕೇಳಿದಳು:

"ಸರ್, ಎಲ್ಲಾ ಪುಸ್ತಕ ನೋಡಿದೆ. ಒಂದು ಸಿಗ್ಲಿಲ್ಲ. ಚಿಕ್ಕಮ್ಮನ ಹಿಂದೆ ಏನಿದೆ?"

"ಹಿಂದೆ?" ಎಂದ ಗಂಡ. "ಹಿಂದೆ... ಬೆನ್ನು ಇದೆ."

"ಬೆನ್ನು ಹೇಗಿದೆ ಸರ್?"

ಗಂಡ ಕಾಮಿಕ್ಸುಗಳನ್ನು ಎಳೆದುಕೊಂಡ. ಒಂದು ತೆರೆದ, ಇನ್ನೊಂದು ತೆರೆದ. ಚಿಕ್ಕಮ್ಮ ಬರುತ್ತಿದ್ದಾಳೆ, ಬೈಯುತ್ತಿದ್ದಾಳೆ, ಬೀಳುತ್ತಿದ್ದಾಳೆ, ಎಲ್ಲದರಲ್ಲೂ ಮುಖ. ಎಲ್ಲಿಂದಲಾದರೂ ಹೊರಟಳೆಂದರೆ ಅವಳ ಹಿಂದೆ ಒಂದು ದೊಡ್ಡ ಧೂಳಿನ ಮುದ್ದೆ, ಆ ಮುದ್ದೆಯಲ್ಲಿ ಎಲ್ಲ ಮುಚ್ಚಿಹೋಗುತ್ತಿತ್ತು. ಆ ಧೂಳಿಗೇ ಓದುಗರು ಚಪ್ಪಾಳೆ ತಟ್ಟುತ್ತಿದ್ದುದು. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲವೂ ಅವನು ಚಿಕ್ಕಮ್ಮನ ಬೆನ್ನು ಬಿಡಿಸಿರಲಿಲ್ಲ. ಅದು ಅವನಿಗೆ ಆಗಲೇ ಗೊತ್ತಾದದ್ದು. ಅವನ ಮುಖ ಬಿಳಿಚಿಕೊಂಡಿತು.

"ಯಾಕೆ ಕೇಳ್ದೆ ಅಂದ್ರೆ," ಎಂದು ಗೊಂಬೆಯಾಕೆ ಮೆತ್ತಗೆ ಮುಂದುವರಿಸಿದಳು, "ಗೇಮಲ್ಲಿ ನೋಡೋ ಕಣ್ಣು ಚಿಕ್ಕಮ್ಮನ ಹಿಂದೇನೇ ಇರುತ್ತೆ ಸರ್. ಆಡೋರು ಅವಳ ಹಿಂದೆ ಹಿಂದೆ ಹೋಗ್ತಾರೆ. ಆಟ ಪೂರ್ತಿ ಕಾಣೋದು ಬೆನ್ನೇ. ಮುಖ ಅಪರೂಪಕ್ಕೆ."

ಟೀ ತಂದಿದ್ದ ಅಕ್ಕನಿಗೆ ಇದನ್ನು ಕೇಳಿ ಬಾಯಿಗೆ ಸಕ್ಕರೆ ಬಿದ್ದಂತಾಯಿತು. ಮುಖ ಅಪರೂಪಕ್ಕೆ! ಇಷ್ಟು ದಿನಕ್ಕೆ ದೇವರು ಕಣ್ಣು ಬಿಟ್ಟ ಎಂದುಕೊಂಡು ಟ್ರೇ ಕೆಳಗಿಡುತ್ತ ಬಗ್ಗಿ ನೋಡಿದಳು. ಪರದೆಯ ಮೇಲೆ ಯಾವಳೋ ಒಬ್ಬಳು ಓಡುತ್ತಿದ್ದಳು. ಮುಷ್ಟಿಯಲ್ಲಿ ಹಿಡಿಯುವಷ್ಟು ಸೊಂಟ. ಸೊಂಟದವರೆಗೆ ಅತ್ತಿತ್ತ ಓಲಾಡುವ ಜಡೆ. ನೆಟ್ಟಗೆ ಸಮನಾಗಿ ನಿಂತ ಎರಡು ಭುಜ. ಚೀಲವಿಲ್ಲ.

"ಯಾರಿದು?" ಎಂದಳು ಅಕ್ಕ.

"ಸದ್ಯಕ್ಕೆ ನಾವೇ ಒಂದು ಮಾಡ್ಕೊಂಡ್ವಿ ಮೇಡಂ. ಸರ್ ಬಿಡಿಸಿಕೊಟ್ರೆ ಬದಲಾಯಿಸ್ತೀವಿ. ಸೋಮವಾರದೊಳಗೆ ಬೇಕು, ಆಮೇಲೆ ಇದೇ ಖಾಯಂ. ಚೀಲ ಓಡೋಕೆ ಅಡ್ಡ ಬರುತ್ತೆ ಅಂತ ತೆಗೆದ್ವಿ."

ಗಂಡ ನಿಟ್ಟುಸಿರು ಬಿಟ್ಟ. ಕಷ್ಟ ಬಗೆಹರಿದವನ ನಿಟ್ಟುಸಿರು. "ಇದೇ ಇರಲಿ ಬಿಡಿ. ಚೆನ್ನಾಗೇ ಇದೆ" ಎಂದ.

ಅಕ್ಕನ ಪಿತ್ತ ನೆತ್ತಿಗೇರಿತ್ತು. ಮುಖ ತೆಗೀರಿ ಎಂದು ಬಾಯಿ ನೋಯುವಷ್ಟು ಹೇಳಿದಾಗ ಕಲ್ಲಾಗಿದ್ದ ಮನುಷ್ಯ, ಇಡೀ ಹೆಂಗಸನ್ನೇ ತೆಗೆದು ಬೇರೆ ಯಾವಳನ್ನೋ ನಿಲ್ಲಿಸಿದರೆ 'ಚೆನ್ನಾಗೇ ಇದೆ' ಎನ್ನುತ್ತಿದ್ದಾನೆ! ಬೈಗುಳ ಕೊಟ್ಟವಳು ಇವಳು, ಮಕ್ಕಳ ಕೈಲಿ ಕಾಟ ತಿಂದವಳು ಇವಳು, ಆಟದಲ್ಲಿ ಓಡುವವಳು ಮಾತ್ರ ಅವಳೇ?

"ಚೀಲ ಇಲ್ದೆ ಅವಳು ಊರು ಹೇಗೆ ಉಳಿಸ್ತಾಳೆ?" ಎಂದು ಕೇಳಿದಳು. "ಏಣಿ ಜಡೆಯೊಳಗಿಂದ ತೆಗೀತಾಳಾ?"

ಗೊಂಬೆಯಾಕೆ ತಲೆ ಎತ್ತಿ ಅಕ್ಕನ ಮೂಗು ನೋಡಿದಳು, ಗಲ್ಲ ನೋಡಿದಳು. ಆಮೇಲೆ ಗಂಡನ ಕಡೆ ನೋಡಿದಳು. ಏನೋ ಅರ್ಥವಾದವಳಂತೆ ಲ್ಯಾಪ್‌ಟಾಪ್ ಮುಚ್ಚಿದಳು. "ಸೋಮವಾರದವರೆಗೆ ಕಾಯ್ತೀನಿ ಸರ್" ಎಂದು ಟೀ ಒಂದೇ ಗುಟುಕಿಗೆ ಕುಡಿದು ಹೊರಟುಹೋದಳು.

ಬಾಗಿಲು ಮುಚ್ಚಿದ್ದೇ ತಡ, ಅಕ್ಕ ಗೋಡೆಗೆ ಬೆನ್ನು ಒತ್ತಿ ನಿಂತಳು.

"ಈಗ ಹೇಳಿ. ನನ್ನ ಬೆನ್ನು ಹೇಗಿದೆ?"

"ಇದೇನೇ ಹೀಗೆ? ತಿರುಗು, ನೋಡ್ತೀನಿ."

"ತಿರುಗಲ್ಲ. ನೋಡ್ದೆ ಹೇಳಿ."

ಅವನು ಗಲ್ಲ ಕೆರೆದುಕೊಂಡ. ಸೂರು ನೋಡಿದ. "ತುರುಬು ಇರುತ್ತೆ. ಸರಿಯಾಗಿ ಮಧ್ಯಕ್ಕೆ. ಆಮೇಲೆ... ಎಲ್ಲರ ಹಾಗೇ ಇರುತ್ತೆ. ಬೆನ್ನಲ್ಲಿ ಏನಿರುತ್ತೆ ಹೇಳೋಕೆ?"

"ನಿಮ್ಮದನ್ನ ನಾನು ಹೇಳ್ಲಾ?" ಎಂದಳು ಅಕ್ಕ. ಅವಳ ದನಿ ಏರಲಿಲ್ಲ, ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. "ಎಡಗಿವಿ ಹಿಂದೆ ಒಂದು ಮಚ್ಚೆ. ನೆತ್ತಿ ಹಿಂದೆ ಬೋಳು, ನಿಮಗೆ ಗೊತ್ತಿಲ್ಲ, ಕಳೆದ ವರ್ಷದಿಂದ ಇನ್ನೂ ಅಗಲ ಆಗಿದೆ. ಬಲಗಾಲಿನ ಶೂ ಹಿಮ್ಮಡಿ ಒಳಗಡೆಗೆ ಸವೆಯುತ್ತೆ. ಎರಡು ಕೈನೂ ಬೀಸ್ಕೊಂಡು ನಡೀತೀರಿ. ಕೈಯಲ್ಲಿ ಏನೂ ಇರಲ್ಲವಲ್ಲ. ಸಂತೆ ಜನದಲ್ಲಿ ನಿಂತ್ರೂ ಹಿಂದಿನಿಂದ ನೋಡಿ ನಿಮ್ಮನ್ನ ಗುರುತು ಹಿಡೀತೀನಿ."

"ಅಷ್ಟೆಲ್ಲಾ ಹೇಗೆ ಗೊತ್ತು ನಿನಗೆ?" ಎಂದು ಅವನು ನಿಜಕ್ಕೂ ಬೆರಗಾಗಿ ಕೇಳಿದ.

"ಹೇಗೆ ಅಂದ್ರೆ? ಮದುವೆಯಾದಾಗಿಂದ ನೀವು ಮುಂದೆ, ನಾನು ಹಿಂದೆ. ಬೇರೆ ಏನು ಕಾಣುತ್ತೆ ನನಗೆ?"

ಅಷ್ಟು ಹೇಳಿ ಅವಳು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತಳು. ಅವಳಿಗೆ ಅಳು ಬಂತು. ಇಷ್ಟು ಕಾಲ ತನ್ನನ್ನು ನೋಡಿ ನೋಡಿ ಬಿಡಿಸುತ್ತಾನೆಂದು ರೇಗಾಡಿದ್ದಳು. ರೇಗುತ್ತಲೇ ಒಳಗೊಳಗೆ, ಹಾಳು ಮನುಷ್ಯ ನೋಡುತ್ತಾನಲ್ಲ ಎಂಬ ಒಂದು ಸಮಾಧಾನವೂ ಇತ್ತು. ಈಗ ನೋಡಿದರೆ ಅವನು ಕಂಡದ್ದು ಅರ್ಧ ಹೆಂಗಸನ್ನು. ಸೋಮವಾರದೊಳಗೆ ಉಳಿದರ್ಧವನ್ನು ಕಾಣದೆ ಹೋದರೆ, ಆ ಜಡೆಯವಳೇ ಎಲ್ಲರಿಗೂ ಚಿಕ್ಕಮ್ಮನಾಗಿಬಿಡುತ್ತಾಳೆ. ಇಷ್ಟು ವರ್ಷ ಅನ್ನಿಸಿಕೊಂಡದ್ದಕ್ಕೆ ಒಂದು ಗುರುತೂ ಉಳಿಯುವುದಿಲ್ಲ. ಆ ಹೆಸರು ಬೇಡವೆಂದು ಬಡಿದಾಡಿದವಳಿಗೆ, ಅದು ಕೈತಪ್ಪಿ ಹೋಗುತ್ತದೆ ಎಂದಾಗ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅಕ್ಕ ಲಾಂಡ್ರಿಗೆ ಹೊರಟಾಗ ಗಂಡ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

"ನೀನು ಮುಂದೆ ನಡಿ" ಎಂದ.

ಅವಳು ಚೀಲ ಹೆಗಲಿಗೇರಿಸಿ ನಡೆದಳು. ಹಿಂದೆ ಹಿಂದೆ ಅವನು ಬಂದ. ಹಿಂದೆ ನಡೆದು ಅಭ್ಯಾಸವಿಲ್ಲದ ಮನುಷ್ಯ, ಎರಡು ಸಲ ಅವಳ ಹಿಮ್ಮಡಿ ತುಳಿದ. ತಿರುವಿನಲ್ಲಿ ಅವಳು ಬಲಕ್ಕೆ ಹೋದರೆ ಅವನು ಯೋಚನೆಯಲ್ಲಿ ನೇರ ಹೋಗಿ ದಾರಿತಪ್ಪಿದ. ಅವಳೇ ವಾಪಸು ಹೋಗಿ ಕರೆತರಬೇಕಾಯಿತು. ಔಷಧಿ ಅಂಗಡಿಯ ಮುದುಕ ಇದನ್ನೆಲ್ಲ ಕಂಡು "ಏನ್ ಚಿಕ್ಕಮ್ಮ, ಜಗಳನಾ?" ಎಂದ. ಅಕ್ಕ ಅವನತ್ತ ಬೀರಿದ ನೋಟಕ್ಕೆ ಅವನು ಅಂಗಡಿಯೊಳಗೆ ಸರಿದ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅವನ ಸ್ಕೆಚ್ ಪುಸ್ತಕ ಇದ್ದದ್ದು ಅವಳ ಚೀಲದಲ್ಲಿ. ಪೆನ್ಸಿಲ್ ಡಬ್ಬಿಯೂ ಅಲ್ಲೇ.

"ಏಯ್, ನಿಲ್ಲು. ಪುಸ್ತಕ ಕೊಡು."

ಅವಳು ನಿಂತು, ಚೀಲ ಇಳಿಸಿ, ಪುಸ್ತಕ ತೆಗೆದುಕೊಟ್ಟು, ಚೀಲ ಏರಿಸಿದಳು.

"ಆಯ್ತು, ಮುಂದೆ ನಡಿ."

ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಪೆನ್ಸಿಲ್ ಮೊನೆ ಮುರಿಯಿತು. ಮೊನೆ ಮಾಡುವ ಬ್ಲೇಡೂ ಚೀಲದಲ್ಲಿತ್ತು. ಇಳಿಸು, ತೆಗೆ, ಕೊಡು, ಏರಿಸು, ಮುಂದೆ ನಡಿ. ಆಮೇಲೆ ಹತ್ತಿರದ ಕನ್ನಡಕ ಬೇಕಾಯಿತು, ಅದಾದ ಮೇಲೆ ದೂರದ ಕನ್ನಡಕ. ಬಿಸಿಲಿಗೆ ಟೋಪಿ. ಎಲ್ಲವೂ ಆ ಚೀಲದಿಂದಲೇ ಬಂದವು, ಏಣಿಯೊಂದು ಬಿಟ್ಟು. ಲಾಂಡ್ರಿ ಮುಟ್ಟುವಷ್ಟರಲ್ಲಿ ಅಕ್ಕನಿಗೆ ತಲೆ ಚಿಟ್ಟು ಹಿಡಿದಿತ್ತು.

"ನೀವು ಮನೆಗೆ ಹೋಗ್ತೀರೋ, ಇಲ್ಲಾ ವಾಷಿಂಗ್ ಮಷಿನ್ ಒಳಗೆ ಹಾಕ್ಲೋ?" ಎಂದು ಕೇಳಿದಳು.

ಅವನು ಮನೆಗೆ ಹೋಗಲಿಲ್ಲ. ಎದುರಿನ ಕಟ್ಟೆಯ ಮೇಲೆ ಕೂತು, ಅವಳು ಒಳಗೆ ತಿರುಗಿ ಬಟ್ಟೆ ಜೋಡಿಸುವುದನ್ನು ಗಾಜಿನಾಚೆಯಿಂದ ನೋಡುತ್ತ ಗೀಚಿದ. ಮರುದಿನವೂ ಬಂದ, ಅದರ ಮರುದಿನವೂ ಬಂದ. ಅವಳು ಬೈದರೂ "ಹಾಗೇ ಇರು" ಎನ್ನಲಿಲ್ಲ. ಬೈಗುಳ ಮೊದಲ ಬಾರಿಗೆ ಬೈಗುಳವಾಗಿಯೇ ಉಳಿಯಿತು. ಮನೆಯಲ್ಲಿ ಕಾಗದ ಹರಿದು ಹರಿದು ಕಸದ ಬುಟ್ಟಿ ತುಂಬಿಸಿದ. ಗೆರೆ ಕೂರುತ್ತಿಲ್ಲ ಎಂದು ಒಂದು ಸಲ, ತನಗೆ ಬಿಡಿಸಲು ಬರುವುದೇ ಇಲ್ಲ ಎಂದು ಒಂದು ಸಲ ಗೊಣಗಿದ. ಅಕ್ಕ ಸಮಾಧಾನ ಮಾಡುವ ಕೆಲಸ ಈ ಸಲ ತನ್ನದಲ್ಲ ಎಂದು ಗಟ್ಟಿಮನಸ್ಸು ಮಾಡಿದ್ದಳು.

ಭಾನುವಾರ ಸಂಜೆ ಅವನು ಕರೆದ. ಮೇಜಿನ ಮೇಲೆ ಒಂದೇ ಒಂದು ಹಾಳೆ ಇತ್ತು. ಧೂಳಿನ ಮುದ್ದೆ ಇರಲಿಲ್ಲ.

ಒಬ್ಬ ಹೆಂಗಸು ಬೀದಿಯಲ್ಲಿ ನಡೆದುಹೋಗುತ್ತಿದ್ದಳು, ಬೆನ್ನು ಇತ್ತ. ತುರುಬು ಮಧ್ಯದಲ್ಲಿರಲಿಲ್ಲ, ಚೀಲದ ಪಟ್ಟಿಗೆ ಸಿಕ್ಕಿಕೊಳ್ಳದಂತೆ ಎಡಕ್ಕೆ ಸರಿದಿತ್ತು. ಬಲಭುಜ ಎಡಭುಜಕ್ಕಿಂತ ಎಷ್ಟೋ ಕೆಳಗೆ ಇಳಿದಿತ್ತು. ಆ ಇಳಿತವನ್ನು ಸರಿದೂಗಿಸಲು ಕುತ್ತಿಗೆ ಎಡಕ್ಕೆ ವಾಲಿತ್ತು, ಸೊಂಟ ಇನ್ನೊಂದು ಕಡೆಗೆ ಹೋಗಿತ್ತು. ಪಟ್ಟಿ ಕೂರುವ ಜಾಗದಲ್ಲಿ ಬಟ್ಟೆ ಸವೆದು ಒಂದು ಹಳ್ಳ. ಎಡಗೈ ಹಿಂದಕ್ಕೆ ಬಂದು ಸೊಂಟವನ್ನು ಒತ್ತಿ ಹಿಡಿದಿತ್ತು, ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಒತ್ತುವ ಹಾಗೆ.

ಅಕ್ಕ ಬಹಳ ಹೊತ್ತು ನೋಡಿದಳು. ಲಾಂಡ್ರಿಯ ಕನ್ನಡಿಯಲ್ಲಿ ಕಾಣುವುದು ಮುಂದಿನ ಅವಳು ಮಾತ್ರ. ತನ್ನ ಬೆನ್ನನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಂಡ ಕೂಡಲೇ ಗುರುತು ಸಿಕ್ಕಿತು. ಎಲ್ಲ ನಿಜ, ಒಂದು ಗೆರೆಯೂ ಸುಳ್ಳಲ್ಲ. ಮೂಗಿಗೆ ಮಾಡಿದ ತಮಾಷೆ ಇಲ್ಲಿರಲಿಲ್ಲ. ಅಂತೂ ಕಂಡನಲ್ಲ ಎಂದು ಅವನ ಮೇಲೆ ಪ್ರೀತಿಯೂ ಉಕ್ಕಿತು, ಸುಳ್ಳೇಕೆ ಹೇಳಬೇಕು.

ಆಗಲೇ ಅವನು ಬಾಯಿ ತೆರೆದ. ಕಣ್ಣು ಫಳಫಳ ಹೊಳೆಯುತ್ತಿತ್ತು.

"ಭುಜ ನೋಡು, ಭುಜ! ಅಷ್ಟು ಇಳಿದಿದೆ ಅಂತ ಗೊತ್ತೇ ಇರಲಿಲ್ಲ ಕಣೇ. ಮೊದಲ ದಿನ ಸಿಕ್ಕಲಿಲ್ಲ. ಎರಡನೇ ದಿನ ಚೀಲ ಇಳಿಸಿದ್ಮೇಲೂ ಭುಜ ಮೇಲೆ ಏಳಲಿಲ್ಲ ನೋಡು, ಆಗ ಸಿಕ್ತು! ಹಳ್ಳ ಹೇಗಿದೆ?"

ಅಕ್ಕ ಹಾಳೆಯಿಂದ ಕಣ್ಣು ತೆಗೆದು ಅವನನ್ನು ನೋಡಿದಳು.

"ಇಷ್ಟು ದಿನ ಹಿಂದೆ ಬಂದ್ರಿ," ಎಂದಳು. "ಭುಜ ನೋಡಿದ್ರಿ. ಹಳ್ಳ ನೋಡಿದ್ರಿ. ನಾನು ಸೊಂಟ ಒತ್ತಿಕೊಳ್ಳೋದು ನೋಡಿದ್ರಿ. ಚೀಲ ಕೊಡು ಇಲ್ಲಿ, ನಾನು ಹಿಡ್ಕೋತೀನಿ ಅಂತ ಒಂದು ಸಲನಾದ್ರೂ ಅನ್ನಿಸ್ತಾ?"

ಅವನು ಹಾಳೆ ನೋಡಿದ, ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದ ಚೀಲ ನೋಡಿದ. ಪೆನ್ಸಿಲ್ ಮೇಜಿನ ಮೇಲಿಟ್ಟ. ಅನ್ನಿಸಿರಲಿಲ್ಲ. ಸುಳ್ಳು ಹೇಳಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವನು.

"ಇಲ್ಲ" ಎಂದ.

ಚಿತ್ರ ಸೋಮವಾರ ಬೆಳಿಗ್ಗೆಯೇ ಕಂಪನಿಗೆ ಹೋಯಿತು. ಮಧ್ಯಾಹ್ನದೊಳಗೆ ಗೊಂಬೆಯಾಕೆ ಫೋನ್ ಮಾಡಿ, ಜಡೆಯವಳನ್ನು ಅಳಿಸಿಹಾಕಿದೆ, ಚೀಲ ಇರುತ್ತದೆ, ಭುಜವೂ ಹೀಗೇ ಇರುತ್ತದೆ ಎಂದಳು. ಫೋನಿಟ್ಟ ಗಂಡ ಕುಣಿಯಲಿಲ್ಲ.

ಮಂಗಳವಾರ ಅಕ್ಕ ಹೊರಡುವ ಹೊತ್ತಿಗೆ ಮೊಳೆಯ ಮೇಲೆ ಚೀಲ ಇರಲಿಲ್ಲ. ಅವನು ಅದನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದ, ಒಂದು ಕಡೆಗೆ ಪೂರ್ತಿ ವಾಲಿಕೊಂಡು.

"ಇದರಲ್ಲಿ ಏನೇ ಇದೆ ಇಷ್ಟು ಭಾರ?"

"ನಿಮ್ಮ ಇಂಕು. ನಿಮ್ಮ ಮಾತ್ರೆ. ನಿಮ್ಮ ಎರಡು ಕನ್ನಡಕ. ನಿಮ್ಮ ಸ್ವೆಟರು, ನಿಮ್ಮ ಕೊಡೆ, ನಿಮ್ಮ ಟೋಪಿ."

"ನಿನ್ನದೇನಿದೆ?"

ಅಕ್ಕ ಯೋಚಿಸಿದಳು. "ಬಾಚಣಿಗೆ" ಎಂದಳು.

ಅವನು ಮೆಟ್ಟಿಲಿಳಿದ. ಅಕ್ಕ ಅವನ ಹಿಂದೆ ಹೊರಟಳು. ಖಾಲಿ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಒಂದು ಸಲ ಬೀಸಿ ನೋಡಿದಳು. ಭುಜ ಮೇಲೇಳಲಿಲ್ಲ. ಇನ್ನು ಏಳುವುದೂ ಇಲ್ಲ, ಅದು ಅವಳಿಗೆ ಗೊತ್ತಿತ್ತು. ಎದುರಿಗೆ ಅದೇ ಮಚ್ಚೆ, ಅದೇ ಬೋಳುನೆತ್ತಿ, ಒಳಗಡೆಗೆ ಸವೆದ ಅದೇ ಹಿಮ್ಮಡಿ. ಇಷ್ಟು ಕಾಲ ಬಾಯಿಪಾಠವಾಗಿದ್ದ ಆ ಬೆನ್ನು ಇಂದು ಬಲಕ್ಕೆ ಬಾಗಿತ್ತು.

ಔಷಧಿ ಅಂಗಡಿ ದಾಟುವಷ್ಟರಲ್ಲಿ ಅವನು ನಿಂತ. ಏದುಸಿರು ಬಿಡುತ್ತ ಪಟ್ಟಿಯನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿಕೊಂಡ. ಅವಳ ಕಡೆ ತಿರುಗಿ ಮೆಲ್ಲಗೆ ಕೇಳಿದ:

"ಏಯ್... ಒಂಚೂರು ಹಿಡ್ಕೋತೀಯಾ?"

"ಮುಂದೆ ನಡೀರಿ" ಎಂದಳು ಅಕ್ಕ.